ಸೈತಾನನ ಮೇಲೆ ಗೂಬೆ ಕೂರಿಸಲಾಗದು

ಆದಿಕಾಂಡದ 3ನೇ ಅಧ್ಯಾಯ ಓದಿದವರಿಗೆ ಹಣ್ಣು ನೆನಪಿರುತ್ತದೆ, ಹಾವು ನೆನಪಿರುತ್ತದೆ. ಆಮೇಲೆ ನಡೆಯುವ ವಿಚಾರಣೆ ಅಷ್ಟಾಗಿ ನೆನಪಿರುವುದಿಲ್ಲ. ತಿನ್ನಬೇಡ ಎಂದಿದ್ದ ಮರದ ಹಣ್ಣನ್ನು ತಿಂದೆಯಾ ಎಂದು ದೇವರು ಆದಾಮನನ್ನು ಕೇಳುತ್ತಾನೆ. ಆದಾಮ ಹೆಂಡತಿಯತ್ತ ಬೆರಳು ತೋರಿಸುತ್ತಾನೆ. ಅದೂ ಸಾಲದೆಂಬಂತೆ, ನೀನೇ ನನ್ನ ಜೊತೆಗಿಟ್ಟ ಹೆಂಗಸು ಎಂದು ಕೇಳಿದವನನ್ನೇ ಒಳಗೆ ಎಳೆಯುತ್ತಾನೆ. ಹವ್ವ ಹಾವಿನತ್ತ ಬೆರಳು ತೋರಿಸುತ್ತಾಳೆ. ಹಾವಿಗೆ ಮಾತ್ರ ಪ್ರಶ್ನೆಯೇ ಇಲ್ಲ, ನೇರವಾಗಿ ಶಾಪ. ಹಾವು ವಂಚಿಸಿತು ಎಂಬ ಹವ್ವಳ ಮಾತು ಸುಳ್ಳಲ್ಲ, ದೇವರು ಅದನ್ನು ಅಲ್ಲಗಳೆಯುವುದೂ ಇಲ್ಲ. ಆದರೆ ಆ ಮಾತಿನಿಂದ ಯಾರ ಶಿಕ್ಷೆಯೂ ಒಂದು ಗುಲಗಂಜಿಯಷ್ಟು ಕಮ್ಮಿಯಾಗುವುದಿಲ್ಲ. ಈ ಅಧ್ಯಾಯ ಹಾವನ್ನು ಸೈತಾನ ಎಂದು ಕರೆಯುವುದೇ ಇಲ್ಲ. ಆ ಗುರುತು ಸ್ಪಷ್ಟವಾಗಿ ಸಿಗುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 12ನೇ ಅಧ್ಯಾಯದಲ್ಲಿ.

ಹೊರಗಿನಿಂದ ನೋಡುವವರಿಗೆ, ಎಷ್ಟೋ ಜನ ಕ್ರೈಸ್ತರಿಗೂ ಕೂಡ, ಸೈತಾನ ಎಂದರೆ ದೇವರ ಸರಿಸಮಾನ ಎದುರಾಳಿ. ಒಳ್ಳೆಯದಕ್ಕೆ ಒಬ್ಬ, ಕೆಟ್ಟದ್ದಕ್ಕೆ ಇನ್ನೊಬ್ಬ. ಭಯದ ಸಿನಿಮಾಗಳು ಈ ತಿಳಿವಳಿಕೆಗೆ ಸಾಕಷ್ಟು ನೀರೆರೆದಿವೆ. ಕ್ರೈಸ್ತ ದೈವಶಾಸ್ತ್ರ ಹೇಳುವ ಸೈತಾನ ಇದಕ್ಕಿಂತ ಬಹಳ ಚಿಕ್ಕವನು. ಅವನೂ ಒಂದು ಸೃಷ್ಟಿ, ಬಿದ್ದುಹೋದ ದೂತ. ಮನುಷ್ಯನ ಇಚ್ಛೆಯ ಬಾಗಿಲಾಚೆ ನಿಂತು ಕೂಗಬಲ್ಲ, ಒಳಗಿನ ಚಿಲಕ ತೆಗೆಯಲು ಅವನ ಕೈ ಎಟುಕದು. ಅವನ ಬಗ್ಗೆ ಬಂದಿರುವ ಉಪದೇಶದ ಬಹುಪಾಲು ಈ ಗಡಿಯನ್ನು ಕಾಯುವ ಕೆಲಸವನ್ನೇ ಮಾಡಿದೆ.

ಯೋಬನ ಗ್ರಂಥದಲ್ಲಿ ಅವನು ದೇವರ ಸಭೆಯಲ್ಲಿ ನಿಲ್ಲುವ ಆಪಾದಕ. ದೇವಭಕ್ತನಾದ ಯೋಬನಿಗೆ ಏನೇ ಮಾಡಬೇಕಾದರೂ ದೇವರ ಅಪ್ಪಣೆ ಬೇಕು. ಮೊದಲ ಸಲ ಆಸ್ತಿ, ಮಕ್ಕಳ ತನಕ ಅಪ್ಪಣೆ, ಮೈ ಮುಟ್ಟುವಂತಿಲ್ಲ. ಎರಡನೇ ಸಲ ಮೈಗೂ ಅಪ್ಪಣೆ, ಪ್ರಾಣ ತೆಗೆಯುವಂತಿಲ್ಲ. ಒಟ್ಟು 42 ಅಧ್ಯಾಯಗಳಲ್ಲಿ 2ನೆಯದರ ನಂತರ ಅವನ ಸುಳಿವೇ ಇಲ್ಲ. ಬೂದಿಯಲ್ಲಿ ಕೂತ ಯೋಬ ಅವನ ಹೆಸರೆತ್ತುವುದೇ ಇಲ್ಲ, ಜಗಳವೇನಿದ್ದರೂ ನೇರ ದೇವರೊಂದಿಗೆ.

ರಾಜ ದಾವೀದನ ಜನಗಣತಿಯ ಪ್ರಸಂಗ ಇನ್ನೂ ಕುತೂಹಲದ್ದು, ಅದನ್ನು ಬೈಬಲ್ ಎರಡು ಕಡೆ ಹೇಳುತ್ತದೆ. ಗಣತಿ ಮಾಡಿಸುವಂತೆ ದಾವೀದನನ್ನು ಪ್ರೇರಿಸಿದ್ದು ಎರಡನೇ ಸಮುವೇಲದ 24ನೇ ಅಧ್ಯಾಯದ ಪ್ರಕಾರ ದೇವರ ಕೋಪ. ಅದಾದ ಎಷ್ಟೋ ಕಾಲದ ಮೇಲೆ ಬರೆದ ಒಂದನೇ ಪೂರ್ವಕಾಲವೃತ್ತಾಂತದ 21ನೇ ಅಧ್ಯಾಯದ ಪ್ರಕಾರ ಸೈತಾನ. ಪ್ರೇರಕ ಬದಲಾದರೂ ದಾವೀದನ ಮಾತು ಎರಡರಲ್ಲೂ ಒಂದೇ: ನಾನು ಮಹಾಪಾಪ ಮಾಡಿದೆ. ಸೈತಾನ ಕತೆಯೊಳಗೆ ಬಂದ ಮೇಲೂ ಆ 'ನಾನು' ಸಡಿಲವಾಗಲಿಲ್ಲ.

ಪ್ರೇಷಿತರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಸೈತಾನನ ಪ್ರೇರಣೆ, ಮನುಷ್ಯನ ಹೊಣೆ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಅನನೀಯ ಎಂಬವನು ಹೊಲ ಮಾರಿದ ದುಡ್ಡಿನಲ್ಲಿ ಒಂದಿಷ್ಟನ್ನು ಬಚ್ಚಿಟ್ಟುಕೊಂಡು ಪೂರ್ತಿ ಕೊಟ್ಟಂತೆ ನಟಿಸುತ್ತಾನೆ. ಸೈತಾನ ನಿನ್ನ ಹೃದಯವನ್ನು ತುಂಬಿಕೊಂಡದ್ದೇಕೆ ಎಂದು ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ. ಅದರ ಬೆನ್ನಿಗೇ, ಇಂಥದ್ದನ್ನು ನೀನು ಮನಸ್ಸಿನಲ್ಲಿ ಯೋಚಿಸಿಕೊಂಡದ್ದೇಕೆ ಎಂದೂ ಕೇಳುತ್ತಾನೆ. ಹೊಲ ಮಾರುವ ಮುಂಚೆಯೂ ನಿನ್ನದೇ, ಮಾರಿದ ಮೇಲೆ ದುಡ್ಡೂ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ಲೆಕ್ಕ ಒಪ್ಪಿಸಿ ಕೇಳುತ್ತಾನೆ. ಸೈತಾನನಿಗೆ ಪಾಲಿದೆ, ಅನನೀಯನ ಪಾಲು ಮಾತ್ರ ಪೂರ್ತಿ ಅನನೀಯನದೇ.

ಈ ಗಡಿ ಅಳಿಸಿಹೋದರೆ ಏನಾಗುತ್ತದೆ ಎಂಬುದನ್ನು ಕ್ರೈಸ್ತ ದೈವಶಾಸ್ತ್ರಜ್ಞ ಆಗಸ್ಟೀನನಷ್ಟು ಹತ್ತಿರದಿಂದ ಕಂಡವರು ಕಮ್ಮಿ. 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಅವನು ಸುಮಾರು 9 ವರ್ಷ ಮಾನಿ ಎಂಬ ಪರ್ಷಿಯನ್ ಪ್ರವಾದಿಯ ಪಂಥದಲ್ಲಿದ್ದ. ಬೆಳಕಿನದೊಂದು ತತ್ವ, ಕತ್ತಲಿನದೊಂದು ತತ್ವ, ಮನುಷ್ಯನೊಳಗೆ ಅವೆರಡರ ಕಾದಾಟ ಎಂಬುದು ಆ ಪಂಥದ ನಂಬಿಕೆ. ಆ ಲೆಕ್ಕದಲ್ಲಿ ಪಾಪ ಮಾಡುವವನು ನಾನಲ್ಲ, ನನ್ನೊಳಗೆ ಸೇರಿಕೊಂಡ ಬೇರಾವುದೋ ಒಂದು. ಆತ್ಮನಿವೇದನೆ ಎಂಬ ತನ್ನ ಪುಸ್ತಕದ 5ನೇ ಭಾಗದಲ್ಲಿ ಆಗಸ್ಟೀನ್ ಇದನ್ನು ಮುಚ್ಚುಮರೆ ಇಲ್ಲದೆ ಬಿಡಿಸಿಡುತ್ತಾನೆ: ತಪ್ಪು ನನ್ನದಲ್ಲ ಎಂದುಕೊಳ್ಳುವುದು ನನ್ನ ಅಹಂಕಾರಕ್ಕೆ ಹಿತವಾಗಿತ್ತು ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವುದಕ್ಕೆ ಇಡೀ ಒಂದು ವಿಶ್ವಶಾಸ್ತ್ರವೇ ಒತ್ತಾಸೆಯಾಗಿ ನಿಂತರೆ ಹೇಗಿರುತ್ತದೆಯೋ ಹಾಗೆ.

ಕಥೋಲಿಕ ಧರ್ಮಸಭೆಯ 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆಗೆ ಎದುರಿದ್ದವರು ಇಂಥದ್ದೇ ಎರಡು ತತ್ವಗಳನ್ನು ನಂಬುತ್ತಿದ್ದ ಕ್ಯಾಥರ್ ಪಂಥದವರು. ಸಭೆಯ ಉತ್ತರ ಬಹಳ ಚುಟುಕು: ಸೈತಾನನೂ ಇತರ ಪಿಶಾಚಿಗಳೂ ದೇವರಿಂದ ಸ್ವಭಾವತಃ ಒಳ್ಳೆಯವರಾಗಿಯೇ ಸೃಷ್ಟಿಯಾದರು, ತಮ್ಮಿಂದ ತಾವೇ ಕೆಟ್ಟರು. ಮನುಷ್ಯ ಪಾಪ ಮಾಡಿದ್ದು ಸೈತಾನನ ಸೂಚನೆಯಿಂದ. ಸೂಚನೆಯಿಂದ ಎನ್ನುತ್ತದೆ, ಬಲವಂತದಿಂದ ಎನ್ನುವುದಿಲ್ಲ. ಅದೇ ಶತಮಾನದ ಥಾಮಸ್ ಅಕ್ವಿನಾಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮನುಷ್ಯರ ಎಲ್ಲ ಪಾಪಗಳ ಹಿಂದೆಯೂ ಸೈತಾನನ ಪ್ರೇರಣೆ ಇರುವುದಿಲ್ಲ ಎಂದ. ಅದಕ್ಕವನು ಮೂರನೇ ಶತಮಾನದ ಓರಿಜೆನನ ಮಾತನ್ನು ಆಧಾರ ಕೊಡುತ್ತಾನೆ: ಸೈತಾನ ಇರದೇ ಇದ್ದರೂ ಮನುಷ್ಯರಿಗೆ ಹಸಿವು ಇರುತ್ತಿತ್ತು, ಕಾಮ ಇರುತ್ತಿತ್ತು. ಅವನ್ನು ವಿವೇಕದಿಂದ ಹಿಡಿತದಲ್ಲಿಡದಿದ್ದರೆ ಅಷ್ಟೇ ಸಾಕು.

ಹಾಗಾದರೆ ಸೈತಾನ ಬೇಕೇಕೆ? ಹೊಣೆಯೆಲ್ಲ ಮನುಷ್ಯನದೇ ಆದ ಮೇಲೆ ಈ ಪಾತ್ರವನ್ನು ಕಿತ್ತುಹಾಕಬಹುದಲ್ಲ? 19ನೇ ಶತಮಾನದಲ್ಲಿ ಜರ್ಮನ್ ದೈವಶಾಸ್ತ್ರಜ್ಞ ಶ್ಲೈಯರ್‌ಮಾಕರ್ ಹೆಚ್ಚುಕಮ್ಮಿ ಇದನ್ನೇ ವಾದಿಸಿದ. ಪೋಪ್ ಆರನೇ ಪಾಲ್ 1972ರ ನವೆಂಬರ್ 15ರ ಭಾಷಣದಲ್ಲಿ ಇದಕ್ಕೆ ತಿರುಗಿ, ಕೆಡುಕು ಬರೀ ಒಂದು ಕೊರತೆಯಲ್ಲ, ಜೀವಂತವಾದ, ವಿಕೃತಗೊಂಡ ಆತ್ಮ ಎಂದರು. ಆದರೆ ಪ್ರತಿಯೊಂದು ಪಾಪವೂ ನೇರವಾಗಿ ಅವನ ಕೆಲಸವಲ್ಲ ಎಂದು ಅದೇ ಭಾಷಣದಲ್ಲಿ ಸೇರಿಸಲು ಮರೆಯಲಿಲ್ಲ. ಸೈತಾನ ಇದ್ದಾನೋ ಇಲ್ಲವೋ ಎಂಬ ವಾದ ಇಲ್ಲಿಗೆ ಸಾಕು. ಅವನನ್ನು ನಂಬಿದವರು ಆ ನಂಬಿಕೆಯಿಂದ ಏನು ಕೆಲಸ ತೆಗೆದರು ಎಂಬುದೇ ಹೆಚ್ಚು ಸ್ವಾರಸ್ಯದ್ದು.

ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ ಎಂಟು ಕೆಟ್ಟ ಯೋಚನೆಗಳ ಪಟ್ಟಿ ಮಾಡಿದ. ಹೊಟ್ಟೆಬಾಕತನ, ಕಾಮ, ಹಣದಾಸೆ, ಖಿನ್ನತೆ, ಕೋಪ, ಬೇಸರ, ಒಣಜಂಭ, ಅಹಂಕಾರ. ಮುಂದೆ ಪೋಪ್ ಗ್ರೆಗೊರಿ ಇದನ್ನೇ ತಿದ್ದಿ ಏಳು ಪಾಪಗಳ ಪಟ್ಟಿಗೆ ತಳಪಾಯ ಹಾಕಿದರು. ಇವಾಗ್ರಿಯಸ್ ಒಂದೊಂದಕ್ಕೂ ಒಂದೊಂದು ಪಿಶಾಚಿಯನ್ನು ಜೋಡಿಸುತ್ತಾನೆ. ಬೇಸರದ ಪಿಶಾಚಿಯ ವರ್ಣನೆಯಂತೂ ಇವತ್ತಿನ ಆಫೀಸಿನಲ್ಲಿ ಕೂತು ಬರೆದಂತಿದೆ. ಅದು ಬೆಳಿಗ್ಗೆ ಸುಮಾರು 10ಕ್ಕೆ ಮೇಲೆ ಬಿದ್ದು ಮಧ್ಯಾಹ್ನ 2ರ ತನಕ ಬಿಡುವುದಿಲ್ಲ. ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ 50 ಗಂಟೆ ಇದ್ದಂತೆ ಅನಿಸುತ್ತದೆ. ಊಟದ ಹೊತ್ತಾದ 3 ಗಂಟೆಗೆ ಇನ್ನೆಷ್ಟಿದೆ ಎಂದು ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರುತ್ತಿದ್ದಾರಾ ಎಂದು ಇಣುಕುತ್ತಾನೆ. ಆಮೇಲೆ ಈ ಜಾಗ ಸರಿಯಿಲ್ಲ, ಈ ಜನ ಸರಿಯಿಲ್ಲ, ಇಲ್ಲಿ ಪ್ರೀತಿ ಎಂಬುದೇ ಉಳಿದಿಲ್ಲ ಎನಿಸತೊಡಗುತ್ತದೆ. ಬೇರೆಡೆ ಹೋದರೆ ಬದುಕು ಸಲೀಸು, ದೇವರನ್ನು ಎಲ್ಲಿದ್ದರೂ ಮೆಚ್ಚಿಸಬಹುದಲ್ಲ ಎಂಬ ಭಕ್ತಿಯ ನೆಪವೂ ಹೊಳೆಯುತ್ತದೆ. ಊರು, ನೆಂಟರು, ಮುಂದೆ ಬರಲಿರುವ ಮುದಿತನ ಎಲ್ಲ ನೆನಪಾಗುತ್ತವೆ.

ಮದ್ದು? ಗುಡಿಸಲು ಬಿಡಬೇಡ. ಕೈಕೆಲಸಕ್ಕೆ ಅಳತೆ ಹಾಕಿಕೊಂಡು ಅದು ಮುಗಿಯುವ ತನಕ ಏಳಬೇಡ. ಎದುರುತ್ತರಕ್ಕೆ ಒಂದು ವಚನ ಬಾಯಲ್ಲಿರಲಿ. ಇಂಥ ವಚನಗಳನ್ನೇ ಎಂಟು ಯೋಚನೆಗಳಿಗೆ ತಕ್ಕಂತೆ ಅವನು ನೂರಾರು ಸಂಖ್ಯೆಯಲ್ಲಿ ಜೋಡಿಸಿಟ್ಟಿದ್ದಾನೆ. ಅರಣ್ಯದಲ್ಲಿ ಯೇಸುವೂ ಮಾಡಿದ್ದು ಅದೇ, ಸೈತಾನ ಒಡ್ಡಿದ ಮೂರು ಶೋಧನೆಗಳಿಗೂ, ಅಂದರೆ ಆಮಿಷಗಳಿಗೂ, ಬೈಬಲಿನ ಧರ್ಮೋಪದೇಶಕಾಂಡದ ಮಾತುಗಳೇ ಉತ್ತರ. ಎರಡನೇ ಶೋಧನೆಯಲ್ಲಿ ಸೈತಾನನೂ 91ನೇ ಕೀರ್ತನೆಯನ್ನು ಉದ್ಧರಿಸುತ್ತಾನೆ ಎಂಬುದನ್ನು ಗಮನಿಸಬೇಕು. ಶಾಸ್ತ್ರ ಬಾಯಿಪಾಠ ಇರುವವರೆಲ್ಲ ಸಜ್ಜನರಲ್ಲ.

ಇವಾಗ್ರಿಯಸ್‌ನ ಒಂದು ವಾಕ್ಯದ ಮೇಲೆ ಇಡೀ ಪರಂಪರೆ ನಿಂತಿದೆ ಎನ್ನಬಹುದು. ಈ ಯೋಚನೆಗಳು ನಮ್ಮನ್ನು ಕಾಡುತ್ತವೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿಲ್ಲ. ಅವು ಒಳಗೆ ತಳವೂರುತ್ತವೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿದೆ. ಆಗಸ್ಟೀನ್ ಪಾಪ ಬೆಳೆಯುವ ದಾರಿಯನ್ನು ಮೂರು ಹಂತ ಮಾಡುತ್ತಾನೆ: ಸೂಚನೆ, ಸವಿ, ಸಮ್ಮತಿ. ಹಾವು ಸೂಚಿಸಿತು, ಹವ್ವ ಸವಿದಳು, ಆದಾಮ ಸಮ್ಮತಿಸಿದ ಎಂದು ಅದೇ ಆದಿಕಾಂಡದ ಮೇಲೆ ಕೂರಿಸಿ ತೋರಿಸುತ್ತಾನೆ. ಸೂಚನೆಗೆ ಪಾಪವಿಲ್ಲ. ಪಾಪ ಪೂರ್ತಿಯಾಗುವುದು ಸಮ್ಮತಿಯಲ್ಲಿ.

ಸೈತಾನನ ನೈತಿಕ ಉಪಯೋಗ ಇರುವುದೇ ಇಲ್ಲಿ ಎನ್ನಬೇಕು. ಪೂಜೆಯ ನಡುವೆ ಅಸಹ್ಯವಾದ ಯೋಚನೆಯೊಂದು ನುಗ್ಗಿದರೆ, ಹೆತ್ತ ಮಗುವಿನ ಬಗ್ಗೆಯೇ ಕ್ರೂರ ಕಲ್ಪನೆಯೊಂದು ಮಿಂಚಿ ಹೋದರೆ, ಅದು ನಾನಲ್ಲ ಎಂದು ಹೇಳಲು ಒಂದು ಜಾಗ ಬೇಕು. ಆ ಜಾಗ ಇಲ್ಲದವರು ಸೂಚನೆಯನ್ನೇ ಸಮ್ಮತಿ ಎಂದು ತಿಳಿದು ಒಂದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸಿ ಬಸವಳಿಯುತ್ತಾರೆ. ಪಾಪನಿವೇದನೆ ಕೇಳುವ ಗುರುಗಳಿಗೆ ಇಂಥ ಅತಿಶಂಕೆ ಹಳೆಯ ಪರಿಚಯ. ಆ ಜಾಗವನ್ನು ಅಳತೆಗಿಂತ ದೊಡ್ಡದು ಮಾಡಿಕೊಂಡವರು ಮಾನಿಯ ಮನೆಗೆ ವಾಪಸಾಗುತ್ತಾರೆ.

ಆಯ್ಕೆಯ ಈ ಗಳಿಗೆಯನ್ನು ಸಲಕರಣೆಯಂತೆ ಬಿಚ್ಚಿ ಜೋಡಿಸಿದವನು ಇಗ್ನೇಷಿಯಸ್ ಲೊಯೊಲ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಗುಂಡು ಬಡಿದು ಕಾಲು ಮುರಿದುಕೊಂಡ ಸೈನಿಕ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವನ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಆತ್ಮಗಳನ್ನು ಗುರುತಿಸಲು ಮೊದಲು 14, ಆಮೇಲೆ 8 ನಿಯಮಗಳಿವೆ. ಮೊದಲೆರಡು ನಿಯಮಗಳೇ ಓದುಗನನ್ನು ತಬ್ಬಿಬ್ಬು ಮಾಡುತ್ತವೆ. ಪಾಪದಿಂದ ಪಾಪಕ್ಕೆ ಜಾರುತ್ತಿರುವವನಿಗೆ ಕೆಟ್ಟ ಆತ್ಮ ಸಿಹಿ ಕನಸು ಕೊಡುತ್ತದೆ, ಒಳ್ಳೆಯ ಆತ್ಮ ಚುಚ್ಚುತ್ತದೆ. ಮೇಲೇರುತ್ತಿರುವವನ ವಿಷಯದಲ್ಲಿ ತದ್ವಿರುದ್ಧ: ಕೆಟ್ಟದ್ದು ಚುಚ್ಚಿ ಹೆದರಿಸುತ್ತದೆ, ಒಳ್ಳೆಯದು ಧೈರ್ಯ ಹೇಳುತ್ತದೆ. ನೆಮ್ಮದಿ ಅನಿಸಿದ ಮಾತ್ರಕ್ಕೆ ಅದು ದೇವರ ದನಿಯಲ್ಲ. ನೀನು ಯಾವ ಕಡೆಗೆ ನಡೆಯುತ್ತಿದ್ದೀ ಎಂಬುದನ್ನು ಮೊದಲು ನೋಡಿಕೋ ಎನ್ನುತ್ತಾನೆ. ಇದನ್ನೇ ಮುಂದೆ ಒಂದು ಚಿತ್ರದಲ್ಲಿ ಹೇಳುತ್ತಾನೆ: ಒಳ್ಳೆಯ ದಾರಿಯಲ್ಲಿರುವವನಿಗೆ ಒಳ್ಳೆಯ ಆತ್ಮ ಸ್ಪಂಜಿನೊಳಗೆ ಇಳಿಯುವ ಹನಿ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದು ಸಿಡಿಯುವ ಹನಿ.

ಐದನೇ ನಿಯಮ ಬಹಳ ಹೆಸರಾದದ್ದು: ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರ ಬದಲಿಸಬೇಡ. ಹದಿಮೂರನೆಯದು ಗುಟ್ಟಿನ ಬಗ್ಗೆ. ಶತ್ರುವಾದ ಸೈತಾನನಿಗೆ ತನ್ನ ಮಾತು ನಮ್ಮಿಬ್ಬರ ನಡುವೆಯೇ ಇರಬೇಕು, ತಿಳಿದ ಗುರುವಿಗೆ ಬಾಯಿಬಿಟ್ಟರೆ ಅವನ ಆಟ ಮುಗಿಯಿತು. ಕಷ್ಟದ ಕೆಲಸ ಎರಡನೇ ಕಂತಿನ ನಿಯಮಗಳಲ್ಲಿದೆ. ಬೆಳಕಿನ ದೂತನಂತೆ ಬರುವ ಸೈತಾನ ಭಕ್ತನ ಜೊತೆಯಲ್ಲೇ, ಭಕ್ತನಿಗೆ ಒಪ್ಪುವ ಒಳ್ಳೆಯ ಯೋಚನೆಯೊಂದಿಗೇ ಒಳಗೆ ಬಂದು, ಕೊನೆಗೆ ತನ್ನ ದಾರಿಯಲ್ಲಿ ಹೊರಹೋಗುತ್ತಾನೆ. ಮೋಸ ತಿಳಿದ ಮೇಲೆ ಯೋಚನೆಯ ಸರಣಿಯನ್ನು ಹಿಂದಿನಿಂದ ಬಿಚ್ಚುತ್ತ ಬಾ, ನೆಮ್ಮದಿ ಎಲ್ಲಿ ಕದಡಿತು, ಒಳ್ಳೆಯದು ಎಲ್ಲಿ ಕಮ್ಮಿ ಒಳ್ಳೆಯದಾಯಿತು ಎಂದು ಹುಡುಕು ಎನ್ನುತ್ತಾನೆ ಇಗ್ನೇಷಿಯಸ್. ಭಕ್ತರಿಗೆ ಬರುವ ಶೋಧನೆ ಸಾಮಾನ್ಯವಾಗಿ ಕಳ್ಳತನವೋ ಕೊಲೆಯೋ ಆಗಿರುವುದಿಲ್ಲ. ಅತಿಯಾದ ಉಪವಾಸ, ಮೈಮೀರಿದ ಸೇವೆ, ಪರರನ್ನು ತಿದ್ದುವ ಹುರುಪು, ಇಂಥವೇ.

ಆಮಿಷ ಒಡ್ಡುವ ಈ ಶೋಧಕನಿಗೆ ಇನ್ನೊಂದು ಪಾಳಿಯ ಕೆಲಸವೂ ಇದೆ. ಪಾಪಕ್ಕೆ ಮುಂಚೆ 'ಇದೇನು ಮಹಾ' ಎನ್ನುವವನು, ಪಾಪ ಆದ ಮೇಲೆ 'ನಿನಗಿನ್ನು ಕ್ಷಮೆ ಇಲ್ಲ' ಎನ್ನುತ್ತಾನೆ. ಪ್ರಕಟನೆ 12 ಅವನನ್ನು ಸಹೋದರರನ್ನು ಹಗಲಿರುಳು ದೂರುವವನು ಎಂದೇ ಕರೆಯುತ್ತದೆ. ಲೂಕನ 22ನೇ ಅಧ್ಯಾಯದಲ್ಲಿ ಸೈತಾನ ಯೂದನೊಳಗೆ ಹೊಕ್ಕ ಎಂದಿದೆ, ಪೇತ್ರ ಮತ್ತು ಜೊತೆಯವರನ್ನು ಗೋಧಿಯಂತೆ ಜರಡಿಯಾಡಲು ಕೇಳಿಕೊಂಡಿದ್ದಾನೆ ಎಂದೂ ಇದೆ. ಒಬ್ಬ ಗುರುವನ್ನು ಹಿಡಿದುಕೊಟ್ಟ, ಇನ್ನೊಬ್ಬ ಮೂರು ಸಲ ಗುರುವನ್ನೇ ಅರಿಯೆ ಎಂದ. ಪೇತ್ರ ಅತ್ತ, ಯೂದ ನೇಣು ಹಾಕಿಕೊಂಡ. ಆಪಾದಕನ ಎರಡನೇ ಮಾತನ್ನು ಯೂದ ನಂಬಿದ ಎಂದು ಪರಂಪರೆ ಓದಿಕೊಂಡಿದೆ. ಪ್ರೊಟೆಸ್ಟಂಟ್ ಸುಧಾರಕ ಲೂಥರ್ 1530ರಲ್ಲಿ ಖಿನ್ನನಾದ ಶಿಷ್ಯನೊಬ್ಬನಿಗೆ ಕೊಟ್ಟ ಸಲಹೆ ಇದಕ್ಕೇ: ನೀನು ನರಕಕ್ಕೆ ತಕ್ಕವನು ಎಂದು ಸೈತಾನ ಹೇಳಿದರೆ, ಹೌದು, ಒಪ್ಪಿದೆ, ಅದಕ್ಕೇನೀಗ, ನನ್ನ ಪರವಾಗಿ ತೆತ್ತವನೊಬ್ಬನಿದ್ದಾನೆ ಎನ್ನು.

ಜ್ಞಾನಸ್ನಾನದ ವಿಧಿಯಲ್ಲಿ ಇದೆಲ್ಲ ಮೈಯ ಮಾತಾಗಿ ಬರುತ್ತದೆ. ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ದೀಕ್ಷೆ ಪಡೆಯುವವರು ಮೊದಲು ಸೂರ್ಯ ಮುಳುಗುವ ಪಡುವಣಕ್ಕೆ ಮುಖಮಾಡಿ, ಕೈಚಾಚಿ, ಸೈತಾನ ಎದುರಿಗೇ ಇದ್ದಾನೋ ಎಂಬಂತೆ ನಿನ್ನನ್ನು ತ್ಯಜಿಸುತ್ತೇನೆ ಎನ್ನಬೇಕಿತ್ತು. ಆಮೇಲೆ ಮೂಡಣಕ್ಕೆ ತಿರುಗಿ ವಿಶ್ವಾಸ ಹೇಳಬೇಕು. ಆರ್ಥಡಾಕ್ಸ್ ಸಭೆಗಳಲ್ಲಿ ಈ ತಿರುಗುವಿಕೆ ಇಂದಿಗೂ ಇದೆ. ಈಸ್ಟರಿನ ಹಿಂದಿನ ರಾತ್ರಿಯ ಕಥೋಲಿಕ ಪಾಸ್ಖ ಜಾಗರಣೆಯಲ್ಲಿ ಮೇಣದಬತ್ತಿ ಹಿಡಿದ ಇಡೀ ಸಭೆ ವರ್ಷಕ್ಕೊಮ್ಮೆ ಮೊದಲು ತ್ಯಜಿಸುವ ಪ್ರಶ್ನೆಗಳಿಗೆ, ನಂತರ ನಂಬುವ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಪ್ರಶ್ನೆ ಎಲ್ಲರಿಗೂ ಒಟ್ಟಿಗೆ ಬಂದರೂ ಉತ್ತರ ಒಬ್ಬೊಬ್ಬರದು.

ದೆವ್ವ ಬಿಡಿಸುವ ವಿಧಿಗೆ ಸಿನಿಮಾಗಳು ಕೊಟ್ಟ ಜಾಗವನ್ನು ದೈವಶಾಸ್ತ್ರ ಕೊಟ್ಟಿಲ್ಲ. 1614ರ ರೋಮನ್ ವಿಧಿಗ್ರಂಥದ ಮೊದಲ ಎಚ್ಚರಿಕೆಯೇ ಸುಲಭವಾಗಿ ನಂಬಬೇಡ ಎಂದು. ಕಲಿಯದ ಭಾಷೆಯಲ್ಲಿ ಮಾತಾಡುವುದು, ದೂರದ ಅಥವಾ ಗುಟ್ಟಿನ ಸಂಗತಿ ಹೇಳುವುದು, ವಯಸ್ಸಿಗೆ ಮೀರಿದ ಬಲ, ಇಂಥ ಗುರುತುಗಳನ್ನು ನೋಡು ಎನ್ನುತ್ತದೆ. 1983ರ ಧರ್ಮಸಭಾ ಸಂಹಿತೆಯ 1172ನೇ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ, ಸ್ಪಷ್ಟ ಅನುಮತಿ ಇಲ್ಲದೆ ಯಾವ ಗುರುವೂ ಇದಕ್ಕೆ ಕೈಹಾಕುವಂತಿಲ್ಲ. ಕಾಯಿಲೆ, ಅದರಲ್ಲೂ ಮನಸ್ಸಿನ ಕಾಯಿಲೆ, ವೈದ್ಯರ ಕೆಲಸ ಎಂದು ಕಥೋಲಿಕ ಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ ಬಿಡಿಸಿ ಹೇಳುತ್ತದೆ. ಅನುಮತಿ ಇದ್ದೂ ಹೇಗೆ ಹದಗೆಡುತ್ತದೆ ಎಂಬುದಕ್ಕೆ ಜರ್ಮನಿಯ ಕ್ಲಿಂಗೆನ್‌ಬರ್ಗ್‌ನ ಪ್ರಕರಣವಿದೆ. ಅಪಸ್ಮಾರಕ್ಕೆ ಚಿಕಿತ್ಸೆ ಪಡೆದಿದ್ದ 23ರ ಯುವತಿಗೆ 1975-76ರಲ್ಲಿ 67 ಸಲ ವಿಧಿ ನಡೆಸಲಾಯಿತು. ಆಕೆ ಉಪವಾಸದಿಂದ ಸೊರಗಿ ಸತ್ತಳು. 1978ರಲ್ಲಿ ತಂದೆತಾಯಿಗೂ ಇಬ್ಬರು ಗುರುಗಳಿಗೂ ನಿರ್ಲಕ್ಷ್ಯದ ಸಾವಿಗಾಗಿ ಶಿಕ್ಷೆಯಾಯಿತು. ಅಂದಹಾಗೆ, ಮೈಮೇಲೆ ಬಂದಾಗ ಆಡಿದ್ದಕ್ಕೆ ಆ ವ್ಯಕ್ತಿ ಹೊಣೆಯಲ್ಲ ಎಂಬುದು ಪರಂಪರೆಯ ನಿಲುವು. ನೈತಿಕವಾಗಿ ಅಪಾಯದ್ದು ಕಿರುಚುವ ದೆವ್ವವಲ್ಲ, ಮೆಲ್ಲಗೆ ಕಿವಿಯಲ್ಲಿ ಹೇಳುವ ಸೂಚನೆ.

ಕುಡಿತದ ದೆವ್ವ, ಬಡತನದ ದೆವ್ವ, ಜಗಳದ ದೆವ್ವ ಎಂದು ಪಟ್ಟಿ ಮಾಡಿ ಒಂದೇ ಸಂಜೆಯಲ್ಲಿ ಓಡಿಸುವ ಬಿಡುಗಡೆಯ ಕೂಟಗಳನ್ನು ಇಲ್ಲಿಟ್ಟು ನೋಡಬೇಕು. ಇವಾಗ್ರಿಯಸ್‌ನೂ ಹೊಟ್ಟೆಬಾಕತನದ ಪಿಶಾಚಿ ಎಂದೇ ಬರೆದ. ಆದರೆ ಅವನ ಮದ್ದು ವರ್ಷಗಟ್ಟಲೆಯ ಉಪವಾಸ, ಕೆಲಸ, ಹಿರಿಯರೊಂದಿಗೆ ಮಾತು. ಸಂಜೆಯ ಮದ್ದು ಕುಡುಕನ ಕೈಯಿಂದ ತಪ್ಪನ್ನೂ ಕಿತ್ತುಕೊಳ್ಳುತ್ತದೆ, ಆಸ್ಪತ್ರೆಯ ದಾರಿಯನ್ನೂ.

ತುಳುನಾಡಿನ ಭೂತಾರಾಧನೆಗೆ 19ನೇ ಶತಮಾನದ ಮಿಷನರಿಗಳೂ ಬ್ರಿಟಿಷ್ ಅಧಿಕಾರಿಗಳೂ ಸೈತಾನಪೂಜೆ ಎಂದು ಹಣೆಪಟ್ಟಿ ಹಚ್ಚಿದರು. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅಂದರೆ ಭೂತಗಳ ಕತೆ ಹೇಳುವ ತುಳು ಹಾಡುಗಳು, 1894ರಿಂದ ಅಚ್ಚಾದದ್ದು ಈ ಹಣೆಪಟ್ಟಿಯಡಿಯಲ್ಲೇ. ಅನ್ಯರ ಬಲಿ ಪಿಶಾಚಿಗಳಿಗೆ ಸಲ್ಲುತ್ತದೆ ಎಂಬ ಪೌಲನ ಮಾತು ಅವರ ಬೆನ್ನಿಗಿತ್ತು, ನಿಜ. ಆದರೆ ನ್ಯಾಯ ಹೇಳುವ, ಆಣೆ ಹಾಕಿಸುವ, ಸುಳ್ಳು ಹೇಳಿದವನನ್ನು ಊರೆದುರು ನಿಲ್ಲಿಸುವ ಪಂಜುರ್ಲಿ ಭೂತಕ್ಕೂ ಸುಳ್ಳನ್ನು ಕಿವಿಯಲ್ಲಿ ಊದುವ ಸೈತಾನನಿಗೂ ಕೆಲಸದಲ್ಲೇ ಹೋಲಿಕೆಯಿಲ್ಲ.

ತನ್ನ ಸಮ್ಮತಿಯತ್ತ ನೋಡಬೇಕಾದ ಕಣ್ಣು ಪಕ್ಕದ ಮನೆಯತ್ತ ತಿರುಗಿದ್ದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂಗಿಂತ ಒಳ್ಳೆಯ ದಾಖಲೆ ಬೇಕಿಲ್ಲ. 1692ರಲ್ಲಿ ಅಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ಗಲ್ಲಿಗೇರಿಸಿದರು. ವಾದಕ್ಕೆ ಬಾಯಿ ಬಿಡದ ಮುದುಕ ಜೈಲ್ಸ್ ಕೋರಿಯನ್ನು ಕಲ್ಲು ಹೇರಿ ಕೊಂದರು. ತೀರ್ಪುಗಳು ನಿಂತಿದ್ದು ಬಹುಮಟ್ಟಿಗೆ ಛಾಯಾಸಾಕ್ಷ್ಯದ ಮೇಲೆ: ಆರೋಪಿಯ ಆಕಾರ ಬಂದು ನನ್ನನ್ನು ಚಿವುಟಿತು, ಉಸಿರು ಕಟ್ಟಿಸಿತು ಎಂಬ ಹೇಳಿಕೆ. ಒಬ್ಬರ ಒಪ್ಪಿಗೆ ಇಲ್ಲದೆ ಸೈತಾನ ಅವರ ರೂಪ ತಾಳಲಾರ ಎಂಬುದು ಮುಖ್ಯ ನ್ಯಾಯಾಧೀಶ ಸ್ಟೌಟನ್‌ನ ಎಣಿಕೆ. ಆರೋಪಿ ಸುಸಾನಾ ಮಾರ್ಟಿನ್ ವಿಚಾರಣೆಯಲ್ಲೇ ಇದನ್ನು ಮುರಿದಳು: ಬೈಬಲಿನಲ್ಲಿ ಸತ್ತ ಪ್ರವಾದಿ ಸಮುವೇಲನ ರೂಪದಲ್ಲಿ ಬಂದವನು ಯಾರ ರೂಪದಲ್ಲೂ ಬರಬಲ್ಲ ಎಂದಳು. ದೈವಶಾಸ್ತ್ರ ಅವಳ ಕಡೆಗಿತ್ತು. ಜುಲೈ 19ರಂದು ಅವಳನ್ನು ಗಲ್ಲಿಗೇರಿಸಿದರು.

ಸುಳ್ಳಿನ ತಂದೆ ಎಂದು ಯೇಸು ಕರೆದವನ ಕೈಚಳಕವನ್ನೇ ಸಾಕ್ಷಿಕಟ್ಟೆಗೆ ಹತ್ತಿಸುತ್ತಿದ್ದೇವಲ್ಲ ಎಂಬ ಅರಿವು ಮೂಡಲು ಅಕ್ಟೋಬರ್ ಬೇಕಾಯಿತು. ಒಬ್ಬ ನಿರಪರಾಧಿ ಶಿಕ್ಷೆಗೊಳಗಾಗುವುದಕ್ಕಿಂತ ಶಂಕೆಗೊಳಗಾದ ಹತ್ತು ಮಾಟಗಾತಿಯರು ತಪ್ಪಿಸಿಕೊಳ್ಳುವುದು ಮೇಲು ಎಂದು ಪಾದ್ರಿ ಇನ್‌ಕ್ರೀಸ್ ಮೇದರ್ ಬರೆದರು. ಗವರ್ನರ್ ಫಿಪ್ಸ್ ಆ ನ್ಯಾಯಾಲಯವನ್ನು ಮುಚ್ಚಿದರು. ಆ ತನಕ ಮಾಟ ಮಾಡಿದೆ ಎಂದು ಒಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡವರ ಜೀವ ಉಳಿಯಿತು, ಮಾಡದ್ದನ್ನು ಮಾಡಿದೆ ಎನ್ನಲು ಒಪ್ಪದವರು ಸತ್ತರು.

ಆಮೇಲೆ ಬಂದ ಎರಡು ಕ್ಷಮಾಪಣೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸಿವಾಲ್ 1697ರ ಜನವರಿ 14ರಂದು ಬಾಸ್ಟನ್ನಿನ ಚರ್ಚಿನಲ್ಲಿ ಎದ್ದು ನಿಂತ. ಅವನ ಚೀಟಿಯನ್ನು ಪಾದ್ರಿ ಓದಿದರು. ಆ ತಪ್ಪನ್ನೂ ಅದರ ಅವಮಾನವನ್ನೂ ತಾನು ಹೊರುತ್ತೇನೆ, ಜನರ ಕ್ಷಮೆ ಬೇಡುತ್ತೇನೆ ಎಂದಿತ್ತು ಅದರಲ್ಲಿ. ಆರೋಪ ಮಾಡಿದವರಲ್ಲಿ ಮುಂಚೂಣಿಯಲ್ಲಿದ್ದ ಆ್ಯನ್ ಪಟ್ನಮ್ ಕ್ಷಮೆ ಕೇಳಿದ್ದು 1706ರಲ್ಲಿ. ಗಲ್ಲಿಗೇರಿದ ರೆಬೆಕ್ಕಾ ನರ್ಸ್ ಮತ್ತು ಅವಳ ಸೋದರಿಯರ ಹೆಸರು ಹೇಳಿ, ಮಣ್ಣಿನಲ್ಲಿ ಬಿದ್ದು ಕ್ಷಮೆ ಬೇಡುತ್ತೇನೆ ಎಂದಳು. ಕೋಪದಿಂದಲೋ ಹಗೆಯಿಂದಲೋ ಮಾಡಲಿಲ್ಲ, ಸೈತಾನನ ಭ್ರಮೆಗೆ ಸಿಕ್ಕು ಅರಿಯದೆ ಮಾಡಿದೆ ಎಂದೂ ಸೇರಿಸಿದಳು. 1692ರಲ್ಲಿ ಅವಳಿಗೆ 12 ವರ್ಷ, ಆ ಲೆಕ್ಕ ಹಿಡಿಯಲೇಬೇಕು. ಆದರೂ ಪಾಪನಿವೇದನೆಯ ಅಳತೆಗೋಲಿನಲ್ಲಿ ಸಿವಾಲ್‌ನ ಚೀಟಿ ಸೈತಾನನ ಹೆಸರೆತ್ತದೆಯೇ ಪೂರ್ತಿಯಾಗಿದೆ. ಸ್ಟೌಟನ್ ಕೊನೆತನಕ ಕ್ಷಮೆ ಕೇಳಲಿಲ್ಲ.

1711ರಲ್ಲಿ ವಸಾಹತು ಸರ್ಕಾರ ಹಲವರ ತೀರ್ಪು ರದ್ದುಮಾಡಿ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಸೈತಾನನೊಂದಿಗೆ ಒಪ್ಪಂದ ಮಾಡಿಕೊಂಡೆ ಎಂದು ಒಪ್ಪಿಕೊಂಡು, 1693ರಲ್ಲಿ ಮರಣದಂಡನೆಗೆ ಗುರಿಯಾಗಿ, ಫಿಪ್ಸ್‌ನ ಆದೇಶದಿಂದ ಬದುಕುಳಿದ ಎಲಿಜಬೆತ್ ಜಾನ್ಸನ್ ಹೆಸರು ಆ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಮ್ಯಾಸಚೂಸೆಟ್ಸ್ ಶಾಸನಸಭೆ ಅವಳನ್ನು ನಿರ್ದೋಷಿ ಎಂದಿದ್ದು 2022ರಲ್ಲಿ.